ಹಸಿ ಪರದೆ

"ಯಾರೇ ಒಲೆ ಹಚ್ಚಿದ್ದು?"

ತಿಮ್ಮರಾಯಪ್ಪನ ಕೂಗಿಗೆ ಜಗಲಿಯ ಮೇಲೆ ಅಳುತ್ತಿದ್ದವರೂ ಹಿತ್ತಲ ಕಡೆ ತಿರುಗಿದರು. ಅವನ ಅತ್ತಿಗೆ ಬರಗೇರಮ್ಮನ ಹೆಣ ಇನ್ನೂ ಅಲ್ಲೇ ಇತ್ತು. ಹೆಣ ಎತ್ತುವ ತನಕ ಸತ್ತ ಮನೆಯಲ್ಲಿ ಒಲೆ ಹಚ್ಚಬಾರದು; ಹೊಳಲ್ಕೆರೆಯ ಕೂಸಿಗೂ ಗೊತ್ತಿರುವ ಮಾತು. ಆದರೂ ಹಿತ್ತಲ ಶೆಡ್ಡಿನಿಂದ ಹೊಗೆ ಏಳುತ್ತಿತ್ತು. ಬರಗೇರಮ್ಮನ ಒಬ್ಬಳೇ ಮಗಳು ಮಂಗಳಾ ಅಲ್ಲಿ ಮೂರು ಕಲ್ಲಿಟ್ಟು ಅಂಟು ಕಾಯಿಸುತ್ತಿದ್ದಳು.

"ನಾನೇ ಚಿಕ್ಕಪ್ಪ. ಅಂಟು ಬಿಸಿಯಾಗ್ದೆ ಬಣ್ಣ ಹಿಡಿಯಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು! ನಾಟಕದವರಿಗೆ ಪರದೆ ಬಾಡಿಗೆ ಕೊಡುವ ಅಂಗಡಿ ಅವನದೇ. ಬೋರ್ಡಿನಲ್ಲಿ ಅವನ ಹೆಸರು, ಪ್ರತಿ ಪರದೆಯ ಕೆಳ ಅಂಚಿನಲ್ಲೂ ಅವನ ಹೆಸರು. ಬಿಡಿಸಿದವಳು ಮಾತ್ರ ಬರಗೇರಮ್ಮ. ಕಾಡು, ಬೀದಿ, ಸೆರೆಮನೆ, ಎಲ್ಲ ಅವಳದೇ. ಸುತ್ತಲ ಯಾವ ಊರಿನ ನಾಟಕದಲ್ಲೂ ರಾಜ ಕೂತದ್ದು ಅವಳ ದರ್ಬಾರಿನಲ್ಲೇ.

ಶೆಡ್ಡಿನ ನೆಲದ ಮೇಲೆ ಅವಳ ಕೊನೆಯ ಪರದೆ ಹಾಸಿತ್ತು. ಕೋಟೆ, ಬಂಡೆಗಳು, ಮೇಲೆ ಮುಗಿಲು. ಕೆಳ ಅಂಚೊಂದು ಬಿಟ್ಟು ಎಲ್ಲ ಮುಗಿದಿತ್ತು. ಅಂದು ರಾತ್ರಿಯೇ ಮದಕರಿಪುರದ ನಾಟಕಕ್ಕೆ ಅದು ಹೋಗಬೇಕಿತ್ತು.

"ಅಂಚು ಖಾಲಿ ಇದ್ರೆ ಯಾರ ಗಂಟು ಹೋತು? ಅಂಗಡಿ ಹೆಸ್ರು ಆಮೇಲೆ ಬರೆದ್ರಾಯ್ತು. ಆರಿಸು ಒಲೆ!"

"ಅಂಗಡಿ ಹೆಸ್ರಲ್ಲ, ಅವ್ವನ ಹೆಸ್ರು. ಸಾಯಾಕ್ ಮುಂಚೆ ನನ್ ಕೈ ಹಿಡ್ಕಂಡು ಹೇಳಿದ್ಲು, ಇದೊಂದು ಪರದೆಗಾದ್ರೂ ನನ್ನೆಸ್ರು ಬರಿ ಅಂತ."

"ಹೆಂಗಸಿನ ಹೆಸ್ರಿರೋ ಪರದೆ ಯಾರ್ ಕಟ್ತಾರೆ? ತಲೆಗಿಲೆ ಕೆಟ್ಟೈತಾ?"

"ಹೆಂಗಸು ಬಿಡಿಸಿದ ಪರದೆನ ಇಷ್ಟು ವರ್ಷ ಕಟ್ಲಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಏಕಾಂತಮ್ಮ ಬರಗೇರಮ್ಮನ ಓರಗೆಯವಳು, ಪಕ್ಕದ ಮನೆಯವಳು. ಅಳುತ್ತಲೇ ನಕ್ಕುಬಿಟ್ಟಳು. "ಅವ್ವನ ಬಾಯೇ ಬಂದೈತೆ ಇವಳಿಗೆ. ಅವಳು ನಿಮ್ಮಪ್ಪನ್ನೇ ಬಿಡ್ಲಿಲ್ಲ, ನೀನ್ಯಾವ ಲೆಕ್ಕ ತಿಮ್ಮರಾಯಪ್ಪ!"

*

ಆಗ ಬರಗೇರಮ್ಮ ಹೊಸ ಸೊಸೆ. ಮಾವ ಕರಿಸಿದ್ದಪ್ಪ ಪರದೆ ಬಿಡಿಸುವುದರಲ್ಲಿ ಹೆಸರಾದವನು. ನಾಟಕದವರು ಕಾಯಿ ಒಡೆದು ಪೂಜಿಸುವ ಪರದೆಗೆ ಹೆಣ್ಣಿನ ಕಾಲು ಸೋಕಬಾರದು ಎನ್ನುವುದು ಅವನ ಕಟ್ಟಳೆ. ಕೆಲಸವೋ, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆಯೇ ನಿಂತು, ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಮಾಡುವಂಥದ್ದು. ಕಾಲಿಡದೆ ಕಲಿಯುವುದು ಹೇಗೆ? ಸೊಸೆ ಅಂಟು ಕಾಯಿಸಬೇಕು, ಬಣ್ಣ ಅರೆಯಬೇಕು, ಅಷ್ಟೇ.

ಒಮ್ಮೆ ಮಾವ ಜ್ವರ ಬಂದು ಮಲಗಿದ. ಹೊಸದುರ್ಗದ ನಾಟಕಕ್ಕೆ ಹೋಗಬೇಕಿದ್ದ ಕಾಡಿನ ಪರದೆ ಅರ್ಧಕ್ಕೇ ನಿಂತಿತು. ಬರಗೇರಮ್ಮ ಶೆಡ್ಡಿನ ಅಗುಳಿ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಬಟ್ಟೆಯ ಮೇಲೆ ಇಳಿದೇಬಿಟ್ಟಳು. ಎಲೆಎಲೆಯನ್ನೂ ಹಚ್ಚ ಹಸಿರಾಗಿ ಬಿಡಿಸಿದಳು. ಹಗಲು ನೋಡಿದವರು ಭಲೆ ಎಂದರು. ರಾತ್ರಿ ರಂಗದ ದೀಪ ಬಿದ್ದದ್ದೇ ತಡ, ಹಸಿರೆಲ್ಲ ಕರ್ರಗೆ ಕಂಡಿತು. "ಕಾಡೆಲ್ಲಿ ಹೋತ್ರಲೇ? ಬರೀ ಮಸಿ!" ಎಂದು ಜನ ಸಿಳ್ಳೆ ಹೊಡೆದರು.

ಸುದ್ದಿ ಮುಟ್ಟಿದ್ದೇ ಕರಿಸಿದ್ದಪ್ಪ ಕಂಬಳಿ ಹೊದ್ದುಕೊಂಡೇ ಎದ್ದು ಬಂದ. ಸೊಸೆ ತಲೆ ತಗ್ಗಿಸಲಿಲ್ಲ.

"ಕಾಲಿಟ್ಟಿದ್ದು ನಾನೇ ಮಾವ. ಏನ್ ಮಾಡ್ತೀರೋ ಮಾಡ್ರಿ."

"ನಿನ್ ಕಾಲು ಹಾಳಾಗ್ಲಿ! ಹಸಿರಿಗೆ ಹಳದಿ ಯಾಕ್ ಬೆರೆಸ್ಲಿಲ್ಲ? ಪರದೆನ ಹಗಲಿಗೆ ಬಿಡಿಸ್ತಾರೇನೇ? ದೀಪಕ್ಕೆ ಬಿಡಿಸ್ಬೇಕು. ಕಟ್ಟಕಡೆಗೆ ಕುಂತ ಮುದುಕಿಗೂ ಕಾಣಂಗೆ ಬಿಡಿಸ್ಬೇಕು. ಬಾ ಇಲ್ಲಿ, ಕೋಲು ಹಿಡಿ!"

ಅದೇ ಅವಳ ಮೊದಲ ಪಾಠ. ಆಮೇಲೆ ಚೆನ್ನಾಗಿಯೇ ಕಲಿಸಿದ. ಹೆಸರು ಮಾತ್ರ ಹಾಕಗೊಡಲಿಲ್ಲ. ಅವನು ಹೋದ ಮೇಲೆ ಮೈದುನ ತಿಮ್ಮರಾಯಪ್ಪನೂ ಹಾಕಗೊಡಲಿಲ್ಲ.

*

ಚಟ್ಟ ಕಟ್ಟುವ ಹೊತ್ತಿಗೆ ಮಂಗಳಾ ಬರೆದು ಮುಗಿಸಿದ್ದಳು. ಕಟ್ಟಕಡೆಯ ಮುದುಕಿಗೂ ಕಾಣಬೇಕಲ್ಲ, ಅಂಚಿನುದ್ದಕ್ಕೂ ಗೇಣೆತ್ತರದ ಕೆಂಪು ಅಕ್ಷರ: ಬರಗೇರಮ್ಮ, ಹೊಳಲ್ಕೆರೆ. ಮದಕರಿಪುರದಿಂದ ಟೆಂಪೊ ತಂದಿದ್ದ ನಾಟಕದ ಮೇಷ್ಟ್ರು ಹಾಲಸ್ವಾಮಿಯೂ ಅವಳೂ ಸೇರಿ ಪರದೆಯನ್ನು ಹೊರಗೆ ತಂದು, ಬೀದಿಗೆ ಅಡ್ಡಲಾಗಿ ಒಣಗಲು ಕಟ್ಟಿದರು. ಹಿತ್ತಲಲ್ಲೂ ಬಿಸಿಲಿತ್ತು, ಅದು ಬೇರೆ ಮಾತು.

"ಬಿಚ್ರೋ ಅದನ್ನ! ಹೆಣ ಹೋಗ್ಬೇಕು," ಎಂದು ತಿಮ್ಮರಾಯಪ್ಪ ಹಾರಾಡಿದ.

"ಹಸಿ ಐತ್ರಿ," ಎಂದ ಹಾಲಸ್ವಾಮಿ. "ಈಗ ಸುತ್ತಿದ್ರೆ ಅಂಟ್ಕಂಡು ಕೆಡ್ತೈತೆ."

"ಈ ಹೆಸ್ರಿಟ್ಕಂಡೇ ಒಯ್ತೀಯೇನಯ್ಯ?"

"ಒಯ್ತೀನ್ರಿ. ನಮ್ಮ ರಾಜ ಯಾರ ದರ್ಬಾರಾಗೆ ಕುಂತಿದ್ದ ಅಂತ ಊರೋರಿಗೂ ಗೊತ್ತಾಗ್ಲಿ."

"ಹಂಗಾದ್ರೆ ಹೆಣ ಹೆಂಗ್ ಹೋಗ್ಬೇಕು?"

"ಪರದೆ ಎತ್ರಿ," ಎಂದಳು ಮಂಗಳಾ. ಬೆಳಗಿನಿಂದ ಕಣ್ಣು ಒದ್ದೆಯಾಗಿರಲಿಲ್ಲ. ಈಗ ಅಳು ಒತ್ತಿ ಬಂತು. "ಪರದೆ ಎತ್ರಿ, ನಮ್ಮವ್ವ ಹೋಗ್ಲಿ."

ಪರದೆಯ ಅಡಿಗೆ ಕಟ್ಟಿದ್ದ ಬಿದಿರನ್ನು ಒಂದು ಕಡೆ ಹಾಲಸ್ವಾಮಿ, ಇನ್ನೊಂದು ಕಡೆ ಏಕಾಂತಮ್ಮ ಎತ್ತಿ ಹಿಡಿದರು. ಏಕಾಂತಮ್ಮ ಗಿಡ್ಡಿ. ಅವಳ ಕಡೆ ಬಟ್ಟೆ ಜೋತುಬಿತ್ತು. ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟಿದ್ದ ತಿಮ್ಮರಾಯಪ್ಪ ಅದೇ ಕಡೆ ಇದ್ದ. ಬಾಯಲ್ಲಿ ಏನೋ ಗೊಣಗುತ್ತ, ತಲೆ ತಗ್ಗಿಸಿ ನುಸುಳಿದ. ಅವನ ಹಿಂದೆ ಬರಗೇರಮ್ಮ ತನ್ನ ಕೋಟೆಯ ಅಡಿಯಿಂದ ಹಾದುಹೋದಳು. ಮಸುಕಾದ ಅಕ್ಷರಗಳನ್ನು ಮಂಗಳಾ ಅಲ್ಲೇ ನಿಂತು ಮತ್ತೆ ತೀಡಿದಳು.

ಮಣ್ಣಿಗೆ ಹೋದವರೆಲ್ಲ ದಾರಿಯುದ್ದಕ್ಕೂ ನೋಡಿದರು, ಒಬ್ಬರೂ ಹೇಳಲಿಲ್ಲ. ತಿಮ್ಮರಾಯಪ್ಪನ ಬಿಳಿ ಅಂಗಿಯ ಬೆನ್ನ ಮೇಲೆ ಅತ್ತಿಗೆಯ ಹೆಸರಿನ ಮೊದಲೆರಡು ಅಕ್ಷರ ತಿರುಗುಮುರುಗಾಗಿ, ಕೆಂಪಗೆ ಅಚ್ಚೊತ್ತಿದ್ದವು.