ಉತ್ತರ ದಂಡೆಯ ಹಕ್ಕಿ

ಊರ ಹಿಂದಿನ ಕೆರೆಯ ಹಕ್ಕಿಗಳನ್ನು ಎಣಿಸಲು ವನ್ಯಜೀವಿ ಕಚೇರಿ ಊರಿನವರನ್ನೇ ಕರೆದಾಗ ಮೊದಲು ಹೆಸರು ಕೊಟ್ಟವನು ಬಸ್ ನಿಲ್ದಾಣದ ಎದುರಿನ ಟೈಲರ್. ಸಂಬಳವಿಲ್ಲ, ಕೊರಳಿಗೊಂದು ದುರ್ಬೀನು ಮಾತ್ರ. ಅವನ ಪಾಲಿಗೆ ಉತ್ತರ ದಂಡೆ ಬಂತು. ಭಾನುವಾರ ಬೆಳಗಾದರೆ ಅಲ್ಲಿ ನಡೆದು, ಕಂಡದ್ದನ್ನೂ ಕೇಳಿದ್ದನ್ನೂ ಮೊಬೈಲಿನಲ್ಲಿ ತುಂಬಿ ಕಚೇರಿಗೆ ಕಳಿಸುತ್ತಿದ್ದ. ಜ್ವರ ಬಂದರೂ ತಪ್ಪಿಸಿದವನಲ್ಲ.

ಆ ದಂಡೆಯ ಜೊಂಡಿನಲ್ಲಿ ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಹಕ್ಕಿಯೊಂದಿತ್ತು. ಊರವರು ಅದನ್ನು ಜೊಂಡುಪೀಪಿ ಎನ್ನುತ್ತಿದ್ದರು. ಕಣ್ಣಿಗೆ ಬೀಳುವುದು ಅಪರೂಪ. ತೆಳ್ಳನೆಯ, ಚೂಪಾದ ಸಿಳ್ಳೆ ಕೇಳಿದರೆ ಇದೆ ಎಂದು ಲೆಕ್ಕ. ಎರಡು ವರ್ಷಗಳಿಂದ ಟೈಲರನ ವರದಿಯಲ್ಲಿ ಅದರ ಮುಂದೆ ಸೊನ್ನೆಯೇ ಇತ್ತು. ಕಚೇರಿಯ ಮೇಡಂ ತಲೆಕೆಡಿಸಿಕೊಂಡರು. ಪತ್ರಿಕೆಯಲ್ಲೂ ಸುದ್ದಿ ಬಂತು. ದಂಡೆಯ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು ಕಾರು ತೊಳೆಯುತ್ತಿದ್ದವನ ಸೋಪಿನ ನೀರೇ ಇದಕ್ಕೆ ಕಾರಣವೆಂದು ಪುರಸಭೆ ಶೆಡ್ಡು ಕೀಳಿಸಿತು. ಅವನು ಪೈಪು, ಬಕೆಟ್ಟು ಕಟ್ಟಿಕೊಂಡು ಹೋಗುವುದನ್ನು ಟೈಲರ್ ನಿಂತು ನೋಡಿದ್ದ. ಪಾಪ ಅನ್ನಿಸಿತ್ತು. ಆದರೂ ಹಕ್ಕಿ ಉಳಿಯಬೇಕಲ್ಲ ಎಂದುಕೊಂಡಿದ್ದ.

ಅದೇ ಸಮಯಕ್ಕೆ ತಂಗಿ ಮಂಡಿನೋವಿನ ಚಿಕಿತ್ಸೆಗೆಂದು ಬಂದು ಅವನ ಮನೆಯಲ್ಲಿ ಉಳಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಬಾಯಿ ಜೋರು. ವೈದ್ಯರು ದಿನಾ ನಡೆಯಬೇಕು ಎಂದಿದ್ದರಿಂದ ಭಾನುವಾರ ಅಣ್ಣನ ಜೊತೆ ಹೊರಟಳು.

ಜೊಂಡಿನ ಬಳಿ ಟೈಲರ್ ನಿಂತು ಕಿವಿಗೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಮೊಬೈಲ್ ತೆಗೆದ.

"ಏನು ಬರೀತಿದ್ದೀಯ?" ತಂಗಿ ಕೇಳಿದಳು.

"ಸೊನ್ನೆ. ಈ ವಾರವೂ ಪೀಪಿ ಇಲ್ಲ."

"ಇಲ್ಲವಾ? ಹಾಗಾದ್ರೆ ಆಗಿನಿಂದ ಸೀಟಿ ಊದ್ತಿರೋದು ಯಾರು, ಪೊಲೀಸಾ?"

"ಎಲ್ಲಿ?"

"ಇಲ್ಲೇ ಕಣೋ, ನಿನ್ನ ಕಾಲ ಬುಡದಲ್ಲೇ. ತಲೆ ಚಿಟ್ಟು ಹಿಡಿದುಹೋಯ್ತು."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೇ ಅವಳು ತೋರಿಸಿದ ಕಡೆ ದುರ್ಬೀನು ತಿರುಗಿಸಿದ. ಜೊಂಡಿನ ಕಡ್ಡಿಗೆ ಜೋತುಬಿದ್ದ ಹಕ್ಕಿ ಕೊಕ್ಕು ಅಗಲಿಸಿ, ಗಂಟಲು ನಡುಗಿಸಿ ಕೂಗುತ್ತಿತ್ತು. ಅವನಿಗೆ ಗಾಳಿಯ ಸದ್ದು ಕೇಳಿಸಿತು. ರಸ್ತೆಯಲ್ಲಿ ಲಾರಿ ಹೋದದ್ದೂ ಕೇಳಿಸಿತು. ಹಕ್ಕಿಯದು ಮಾತ್ರ ಕೇಳಿಸಲಿಲ್ಲ.

"ಅಣ್ಣ, ನಿಜವಾಗಲೂ ಕೇಳಿಸ್ತಿಲ್ಲವಾ?" ತಂಗಿಯ ದನಿ ತಗ್ಗಿತು.

ಅವನು ದುರ್ಬೀನು ಇಳಿಸಿದ.

ಕಿವಿ ವೈದ್ಯೆ ಪರೀಕ್ಷೆ ಮಾಡಿ, "ಮಾತು ಕೇಳಿಸುತ್ತೆ. ಚೂಪು ಸದ್ದುಗಳು ಮಾತ್ರ ಹೋಗಿವೆ. ಮಷೀನುಗಳ ಮಧ್ಯೆ ಕೂತು ದುಡಿದವರಿಗೆ ಈ ವಯಸ್ಸಲ್ಲಿ ಆಗೋದೇ," ಎಂದರು.

ಮನೆಗೆ ಬಂದ ಮೇಲೆ ತಂಗಿ ಉಪಾಯ ಹೇಳಿದಳು. "ಮುಂದಿನ ವಾರದಿಂದ ಇದೆ ಅಂತ ಬರೆದುಬಿಡು. ಹಕ್ಕಿ ವಾಪಸ್ ಬಂತು ಅಂತ ಎಲ್ಲರಿಗೂ ಖುಷಿ. ಯಾರು ಕೇಳ್ತಾರೆ?"

"ಶೆಡ್ಡು ಕಳಕೊಂಡ ಆ ಕಾರು ತೊಳೆಯೋನು?"

ಅವಳು ಮಂಡಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು.

ಮಾರನೆಯ ದಿನ ಟೈಲರ್ ಅಂಗಡಿಗೆ ಬೀಗ ಹಾಕಿ ಕಚೇರಿಗೆ ಹೋದ. ಮೇಡಂ ಕೇಳಿ ಮುಖ ಚಿಕ್ಕದು ಮಾಡಿಕೊಂಡರು. ಆ ಹಕ್ಕಿ ಹೋಯಿತೆಂದು ಸಭೆಗಳಲ್ಲೆಲ್ಲ ಮಾತಾಡಿದವರು ಅವರೇ. ಆದರೂ ಅವನೆದುರಿಗೇ ಪೀಪಿಯ ಸೊನ್ನೆಗಳನ್ನೆಲ್ಲ ರದ್ದು ಮಾಡಿ, ಪುರಸಭೆಗೆ ಫೋನು ಹಚ್ಚಿದರು. ಇನ್ನು ಮುಂದೆ ಪ್ರತಿ ದಂಡೆಗೂ ಇಬ್ಬರು ಎಂದು ತೀರ್ಮಾನಿಸಿದರು.

"ನಾನು ಬಿಟ್ಟುಬಿಡಲಾ ಮೇಡಂ?"

"ಬಿಟ್ಟರೆ ಬಾತುಕೋಳಿ ಎಣಿಸೋರು ಯಾರು? ಕಣ್ಣು ನೆಟ್ಟಗಿದೆಯಲ್ಲ."

ಅಲ್ಲಿಂದ ಅವನು ಕಾರು ತೊಳೆಯುವವನನ್ನು ಹುಡುಕಿಕೊಂಡು ಹೋದ. ಅವನೀಗ ಪೆಟ್ರೋಲ್ ಬಂಕೊಂದರಲ್ಲಿ ಟೈರುಗಳಿಗೆ ಗಾಳಿ ತುಂಬುತ್ತಿದ್ದ. ಟೈಲರ್ ಹೇಳಿದ್ದನ್ನೆಲ್ಲ ಬಗ್ಗಿಕೊಂಡೇ ಕೇಳಿದ.

"ನಿಮ್ಮ ಕಿವಿ ಹೋಗಿದ್ದಕ್ಕೆ ನನ್ನ ಶೆಡ್ಡು ಹೋಯ್ತು ಅನ್ನಿ."

"ತಪ್ಪಾಯ್ತು," ಎಂದ ಟೈಲರ್. ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಅವನು ಪೈಪು ಎಳೆದುಕೊಂಡು ಅತ್ತ ಹೋದ.

ಸೋಪಿನ ನೀರು ಕೆರೆಗೆ ಹೋಗದಂತೆ ಗುಂಡಿ ತೋಡಬೇಕೆಂಬ ಷರತ್ತಿನ ಮೇಲೆ ಪುರಸಭೆ ಮತ್ತೆ ಜಾಗ ಕೊಟ್ಟಿತು. ಶೆಡ್ಡು ಎದ್ದಿತು. ಆದರೆ ಭಾನುವಾರ ಟೈಲರ್ ಆ ದಾರಿಯಲ್ಲಿ ಹೋದರೆ ಕಾರು ತೊಳೆಯುವವನು ಮುಖ ತಿರುಗಿಸುತ್ತಿದ್ದ. ತುಂಬಾ ದಿನ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಅವನೇ ಹೊಸ ಪ್ಯಾಂಟು ಹಿಡಿದು ಅಂಗಡಿಗೆ ಬಂದ. "ಉದ್ದ ಕಮ್ಮಿ ಮಾಡಬೇಕು!" ಎಂದು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದ.

"ಕಿರುಚಬೇಡಿ. ಮಾತು ಕೇಳಿಸುತ್ತೆ."

"ಹಾಗಂತ ನೀವು ಹೇಳ್ತೀರ. ನಂಬೋದು ಹೇಗೆ?"

ಟೈಲರ್ ನಕ್ಕ. ಟೇಪು ತೆಗೆದು ಅವನ ಕಾಲಬಳಿ ಕುಕ್ಕರುಗಾಲಲ್ಲಿ ಕೂತ.