ಫ್ಯಾನಿನ ಸ್ವಿಚ್ಚು ನನ್ನ ಕಡೆಗಿತ್ತು

ನಮ್ಮ ಹಳೇ ವ್ಯಾನಿನ ಇಂಜಿನ್ ತಣಿಸುವ ರೇಡಿಯೇಟರ್ ಫ್ಯಾನು ತಾನಾಗಿ ತಿರುಗುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮೆಕ್ಯಾನಿಕ್ ಒಬ್ಬ ಅದಕ್ಕೆ ಮನೆಯ ಲೈಟಿನ ಸ್ವಿಚ್ಚು ಜೋಡಿಸಿಕೊಟ್ಟ. ಅವನಿಗೆ ಜಾಗ ಸಿಕ್ಕಿದ್ದು ಎಡಗಡೆ, ನಾನು ಕೂರುವ ಸೀಟಿನ ಮುಂದೆ. ಹಾಗಾಗಿ ವ್ಯಾನು ಓಡಿಸುವುದು ನಮ್ಮ ಯಜಮಾನರ ಕೆಲಸ, ಅದು ಕುದಿಯದಂತೆ ನೋಡಿಕೊಳ್ಳುವುದು ನನ್ನದು. ಏರು ಬಂದರೆ ಹಾಕಬೇಕು, ಏರು ಮುಗಿದರೆ ಆರಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ. ಅವರು ಒಂದು ದಿನವೂ ಆ ಕಡೆ ಕಣ್ಣು ಹಾಯಿಸಿದವರಲ್ಲ. ನಾನು ಸ್ವಿಚ್ಚು ಹಾಕುತ್ತಿದ್ದೆ, ಹಾಕುತ್ತಾ ಅವರನ್ನು ಬಯ್ಯುತ್ತಿದ್ದೆ. "ಸುಮ್ನಿರೇ ಮಾರಾಯ್ತಿ" ಎನ್ನುತ್ತಿದ್ದರು.

ಆ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕುವಾಗ ಬಿದ್ದೆ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹಾರಂಗಿ ಹತ್ತಿರದ ನಮ್ಮ ಮನೆಯಿಂದ ಕುಶಾಲನಗರ ಮುಟ್ಟುವಾಗಲೇ ಹತ್ತು ಗಂಟೆ. ಅಲ್ಲಿನ ಡಾಕ್ಟರು ಯಜಮಾನರಿಗೆ, "ಸಣ್ಣಸ್ವಾಮಿಯವರೇ, ಇದು ಸ್ಟ್ರೋಕು. ಹನ್ನೊಂದರೊಳಗೆ ಮಡಿಕೇರಿ ಸೇರಿಸಿ. ಇಂಜೆಕ್ಷನ್ ಕೊಟ್ರೆ ಮಾತು ವಾಪಸ್ ಬರಬಹುದು. ತಡವಾದ್ರೆ ಕಷ್ಟ" ಎಂದರು. ಆಂಬ್ಯುಲೆನ್ಸಿಗೆ ಅರ್ಧ ಗಂಟೆ ಕಾಯಬೇಕಿತ್ತು. ನಮ್ಮವರು ಬಸ್ಸಿಗೇ ಕಾದವರಲ್ಲ.

ವ್ಯಾನಿನ ಹಿಂದಿನ ಸೀಟಿನಲ್ಲಿ ಸೊಸೆ ರಂಜಿತಾಳ ತೊಡೆಯ ಮೇಲೆ ಮಲಗಿದ್ದೆ. ನನ್ನ ಜಾಗದಲ್ಲಿ ಬಟ್ಟೆಯ ಚೀಲ ಕೂತಿತ್ತು. ಆನೆಕಾಡಿನ ಹತ್ತಿರ ಏರು ಶುರುವಾಯಿತು. ಫ್ಯಾನಿನ ಗುಂಯ್ ಸದ್ದೇ ಇಲ್ಲ. ಹೇಳಲು ಹೋದೆ, ಜೊಲ್ಲು ಇಳಿಯಿತು.

"ನೀರು ಬೇಕಾ ಅತ್ತೆ?" ಎಂದಳು ರಂಜಿತಾ.

ಎಡಗೈ ಎತ್ತಿ ಮುಂದಕ್ಕೆ ತೋರಿಸಿದೆ.

"ಇನ್ನೇನು ಬಂದೇಬಿಡ್ತು, ಹೆದರ್ಬೇಡಿ" ಎಂದು ಕೈಯನ್ನು ಕಂಬಳಿಯೊಳಗೆ ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಳು. ಒಳ್ಳೆಯ ಹುಡುಗಿ. ಆ ಹೊತ್ತಿಗೆ ಮಾತ್ರ ಅವಳನ್ನು ಕಚ್ಚಿಬಿಡುವಷ್ಟು ಸಿಟ್ಟು ಬಂದಿತ್ತು.

ಸುಂಟಿಕೊಪ್ಪ ದಾಟಿದ ಮೇಲೆ ಕಾದ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗೆ. ಆಮೇಲೆ ಹಬೆ ಎದ್ದು ಮುಂದಿನ ಗಾಜು ಮುಚ್ಚಿತು. ವ್ಯಾನು ನಿಂತೇಹೋಯಿತು.

"ಫ್ಯಾನ್ ಹಾಕಿಲ್ವೇನೇ?" ಎಂದು ಯಜಮಾನರು ಎಡಕ್ಕೆ ತಿರುಗಿ ರೇಗಿದರು. ಅಲ್ಲಿ ಚೀಲವಿತ್ತು. ನಿಧಾನಕ್ಕೆ ನನ್ನ ಕಡೆ ತಿರುಗಿದರು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವರ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ.

ಚೀಲ ಎಳೆದು ಹಾಕಿ ಸ್ವಿಚ್ಚು ಒತ್ತಿದರು. ಫ್ಯಾನೇನೋ ತಿರುಗಿತು, ಇಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ರಸ್ತೆಗಿಳಿದು ಎರಡೂ ಕೈ ಅಡ್ಡ ಹಿಡಿದರು. ಟೂರಿಸ್ಟ್ ಕಾರುಗಳು ಹಾರನ್ ಹೊಡೆದು ಪಕ್ಕಕ್ಕೆ ಸರಿದು ಹೋದವು. ಶುಂಠಿ ಮೂಟೆಯ ಪಿಕಪ್ ಒಂದು ನಿಂತಾಗ ಹನ್ನೊಂದು ದಾಟಿತ್ತು.

ಮೂಟೆಗಳ ನಡುವೆ ನನ್ನನ್ನು ಮಲಗಿಸಿ, ಅವರು ನನ್ನ ಎಡಗೈ ಹಿಡಿದು ಕೂತರು.

"ಬಯ್ಯೇ," ಎಂದರು. "ಒಂದ್ಸಲ ಬಯ್ಯೇ ನನ್ನ."

ಬಯ್ಯಬೇಕಾದದ್ದು ಬೇಕಾದಷ್ಟಿತ್ತು. ಬಾಯಿಂದ ಹೊರಟದ್ದು ಬರೀ "ಆ... ಆ..." ಎಂಬ ಸದ್ದು. ಅದನ್ನೇ ಬೈಗುಳವೆಂದುಕೊಂಡು ಅವರು, "ಹೂಂ ಕಣೇ, ಹೂಂ" ಎನ್ನುತ್ತಾ ಮಡಿಕೇರಿಯವರೆಗೂ ತಲೆಯಾಡಿಸುತ್ತಲೇ ಇದ್ದರು.