ಆಟಕ್ಕೆ ಮುಂಚಿನ ಕಾಲು ತಾಸು

"ಅದೇನ್ ತತ್ತೀನಾ, ಬಗಲಾಗ ಇಟ್ಕಂಡು ಕಾವು ಕೊಡಾಕ? ತಗಿ ಹೊರಗ. ಮಂದಿ ನೋಡಾಕತ್ಯಾರ" ಎಂದಳು ಪಕ್ಕೀರಮ್ಮ.

ಬಸ್ಸು ಕೊಟ್ಟೂರು ದಾಟಿ ಹರಪನಹಳ್ಳಿಯ ಹಾದಿ ಹಿಡಿದಿತ್ತು. ಅವಳ ಗಂಡ ಗಾಳೆಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿದಾಗಿನಿಂದ ಎಡಗೈ ಎತ್ತಿರಲಿಲ್ಲ. ಅಂಗಿಯೊಳಗೆ, ಎಡ ಬಗಲಿನಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಕರೀ ರಬ್ಬರ್ ಚೆಂಡು. ಬಸ್ಸು ಹಳ್ಳಕ್ಕಿಳಿದು ಎಲ್ಲರೂ ಮುಂದಿನ ಸೀಟಿನ ಕಂಬಿ ಹಿಡಿದಾಗಲೂ ಇವನು ಮಾತ್ರ ಕೈ ಬಿಗಿಹಿಡಿದು, ಗಾಯವಾದವನ ಹಾಗೆ ಕೂತಿದ್ದ.

"ತಣ್ಣಗಾದ್ರ ಅದು ಸತ್ತಂಗ ಆಕ್ಕತಿ" ಎಂದ. "ಅಲ್ಲಿ ಹೋದಕೂಡ್ಲೆ ಯಾರರ ಇಸ್ಕಂಡು ನೆಲಕ್ಕ ಬಿಟ್ಟು ನೋಡಿದ್ರು ಅಂತ ತಿಳಿ. ಪುಟಿಯಂಗಿಲ್ಲ. ಹಿಟ್ಟಿನ ಉಂಡಿ ಬಿದ್ದಂಗ ಬೀಳ್ತತಿ. ಇವ ಎಂಥದ್ದೋ ಹಾಳು ಚೆಂಡು ತಂದಾನ ಅಂತಾರ."

"ಅನ್ಲಿ ಬಿಡು. ಚೆಂಡಿಗೆ ಕೆಲ್ಸ ಕೊಡ್ತಾರೇನು? ಕೊಡೋದು ನಿನಗ."

ಅದೂ ಸರಿಯೇ. ಗಾಳೆಪ್ಪ ನಕ್ಕ. ಆದರೆ ಕೈ ಸಡಿಲಿಸಲಿಲ್ಲ.

ಕೆಲಸದ ಸುದ್ದಿ ತಂದವನು ಪಕ್ಕದ ಮನೆಯ ಹುಲುಗಣ್ಣ. ಹರಪನಹಳ್ಳಿ ಹತ್ತಿರದ ಒಂದು ವಸತಿ ಶಾಲೆಯ ವ್ಯಾನ್ ಓಡಿಸುವವನು. ಆ ಶಾಲೆಯಲ್ಲಿ ಹೊಸದಾಗಿ ಸ್ಕ್ವಾಷ್ ಎಂಬ, ರಾಕೆಟ್ಟಿನಿಂದ ಗೋಡೆಗೆ ಚೆಂಡು ಬಡಿಯುವ ಆಟದ ಕೋಣೆ ಕಟ್ಟಿಸಿದ್ದಾರೆ, ಮಕ್ಕಳಿಗೆ ಕಲಿಸಲು ಒಬ್ಬರು ಬೇಕಂತೆ, ಈ ಸೀಮೆಯಲ್ಲಿ ಆ ಆಟ ಗೊತ್ತಿದ್ದವರು ಒಬ್ಬರೂ ಸಿಗುತ್ತಿಲ್ಲವಂತೆ ಎಂದು ಅವನು ಹೇಳಿದ್ದೇ ತಡ, ಪಕ್ಕೀರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಿದ್ದಳು. "ನಮ್ಮನಿಯಾಗ ಇಲ್ಲೇನು? ಹನ್ನೊಂದು ವರ್ಷ ಮೈನಿಂಗ್ ಧಣಿ ಜೋಡಿ ಆಡ್ಯಾನ!" ಹುಲುಗಣ್ಣ ಅದೇ ಮಾತನ್ನು ಹಾಗೇ ಒಯ್ದು ಶಾಲೆಯಲ್ಲಿ ಹೇಳಿದ್ದ. ಅವರು ಬರಹೇಳಿದ್ದರು.

ಗಾಳೆಪ್ಪನಿಗೆ ಈಗ ಐವತ್ಮೂರು. ಗಣಿಗಳು ಮುಚ್ಚಿ, ಧಣಿಯ ಗೆಸ್ಟ್ ಹೌಸಿಗೆ ಬೀಗ ಬಿದ್ದ ಮೇಲೆ ಅವನು ಹತ್ತಿ ಮಿಲ್ಲಿನಲ್ಲಿ ದುಡಿದ, ಲಾಡ್ಜಿನಲ್ಲಿ ದುಡಿದ, ಕೊನೆಗೆ ಎಟಿಎಂ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ಹೋದ ದೀಪಾವಳಿಗೆ ಅಲ್ಲಿ ಕ್ಯಾಮೆರಾ ಹಾಕಿ ಸ್ಟೂಲು ತೆಗೆದರು. ಅಂದಿನಿಂದ ಎಲ್ಲಿ ಕೇಳಿದರೂ ಮೊದಲು ವಯಸ್ಸು ಕೇಳುತ್ತಾರೆ, ಆಮೇಲೆ ಏನೂ ಕೇಳುವುದಿಲ್ಲ. ವಯಸ್ಸು ಕೇಳದೆ "ಏನು ಬರುತ್ತದೆ" ಎಂದು ಕೇಳಿದವರು ಈ ಶಾಲೆಯವರೊಬ್ಬರೇ. ಇದು ತಪ್ಪಿದರೆ ಇನ್ನು ಮನೆಯ ಕಟ್ಟೆಯೇ ಗತಿ ಎಂದು ಅವನಿಗೆ ಗೊತ್ತಿತ್ತು.

ಇನ್ನೊಂದು ಸಂಗತಿಯೂ ಅವನಿಗೆ ಗೊತ್ತಿತ್ತು, ಗೊತ್ತಿದ್ದವನು ಅವನೊಬ್ಬನೇ. ಧಣಿಯ ಜೋಡಿ ಅವನು ಒಂದು ದಿನವೂ ಆಡಿರಲಿಲ್ಲ.

ಅವನ ಕೆಲಸ ಆಟಕ್ಕೆ ಮುಂಚಿನ ಕಾಲು ತಾಸಿನದು. ದಿನಾ ಸಂಜೆ ಐದಕ್ಕೆ ಗೆಸ್ಟ್ ಹೌಸಿನ ಆಟದ ಕೋಣೆ ಹೊಕ್ಕು, ತಣ್ಣಗೆ ಸತ್ತು ಬಿದ್ದ ಚೆಂಡನ್ನು ಗೋಡೆಗೆ ಬಡಿದೂ ಬಡಿದೂ ಜೀವ ಬರಿಸಬೇಕು. ಕಾರಿನ ಹಾರನ್ ಕೇಳಿದ ಕೂಡಲೇ ಹೊರಗೆ ಬಂದು ಬಾಗಿಲು ಹಾಕಬೇಕು. ಆಮೇಲೆ ಒಳಗೆ ಧಣಿ, ಅವರ ಸ್ನೇಹಿತರು, ಅವರ ಆಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಜೆಗೆ ಬಂದಾಗ ಪಕ್ಕೀರಮ್ಮ ಕೇಳಿದ್ದಳು, ಏನು ಕೆಲಸ ಎಂದು. "ಧಣ್ಯಾರ ಆಟದ ಕ್ವಾಣ್ಯಾಗ ಚೆಂಡು ಬಡಿಯೋದು" ಎಂದಿದ್ದ. "ಅಯ್ಯ, ಧಣ್ಯಾರ ಜೋಡಿ ಆಡ್ತಿಯೇನು!" ಎಂದು ಅವಳು ಕಣ್ಣರಳಿಸಿದ್ದಳು. ಅವನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ನಕ್ಕುಬಿಟ್ಟ. ಆ ನಗೆ ಓಣಿಯೆಲ್ಲ ತಿರುಗಿ, ಬೀಗರ ಮನೆಗಳಿಗೆ ಹೋಗಿ, ಮಗಳು ಪ್ರಿಯಾಳ ಮದುವೆಯಲ್ಲಿ ಗಂಡಿನ ಕಡೆಯವರ ಮುಂದೆ ಹೆಮ್ಮೆಯ ಮಾತಾಗಿ, ಈಗ ಹುಲುಗಣ್ಣನ ವ್ಯಾನ್ ಹತ್ತಿ ಶಾಲೆಯ ಆಫೀಸಿನವರೆಗೂ ಹೋಗಿತ್ತು.

ಹೋದ ಎರಡು ರಾತ್ರಿ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆಟವೆಂದರೂ ಅದೇ ಗೋಡೆ, ಅದೇ ಚೆಂಡು. ಹನ್ನೊಂದು ವರ್ಷ ಬಡಿದವನಿಗೆ ಅದರಲ್ಲಿ ಗೊತ್ತಿಲ್ಲದ್ದು ಇನ್ನೇನಿದ್ದೀತು?

ಶಾಲೆಯ ಕಾರ್ಯದರ್ಶಿ ಅಮೃತಾ ಮೇಡಂ ಒಳ್ಳೆಯವರು. ಇಬ್ಬರನ್ನೂ ಕೂಡಿಸಿ ಮೊದಲು ನೀರು ಕೊಡಿಸಿದರು. ಡ್ರಿಲ್ ಮಾಸ್ತರು ಅರುಣಕುಮಾರ್ ಈ ಆಟದ ಹತ್ತು ದಿನದ ತರಬೇತಿ ಮುಗಿಸಿ ಬಂದಿದ್ದವರು, ಮೂವತ್ತರ ಒಳಗಿನ ಹುಡುಗ, ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು: "ನನಗೆ ಬರೋದು ಅಷ್ಟಕ್ಕಷ್ಟೇ ರೀ. ನೀವು ಬಂದ್ರೆ ನಾನೂ ನಿಮ್ಮ ಹತ್ರ ಕಲಿತೀನಿ."

ಆಟದ ಕೋಣೆಯ ಹಿಂದಿನ ಗೋಡೆ ಇಡಿಯಾಗಿ ಗಾಜಿನದು. ಗಾಳೆಪ್ಪ ಅದನ್ನು ನೋಡಿ ಅಲ್ಲೇ ನಿಂತ. ಧಣಿಯ ಕೋಣೆಗೆ ನಾಲ್ಕೂ ಕಡೆ ಸಿಮೆಂಟಿನ ಗೋಡೆ ಇತ್ತು, ಒಂದು ಗಿಡ್ಡ ಬಾಗಿಲಿತ್ತು. ಇಲ್ಲಿ ಮೇಡಂ ಮತ್ತು ಪಕ್ಕೀರಮ್ಮ ಗಾಜಿನಾಚೆ ಕುರ್ಚಿ ಹಾಕಿಕೊಂಡು ಕೂತರು, ಟೀವಿ ಮುಂದೆ ಕೂತ ಹಾಗೆ.

ಮಾಸ್ತರು ಕೊಟ್ಟ ರಾಕೆಟ್ ಹಿಡಿದು, ಚಪ್ಪಲಿ ಬಿಟ್ಟು ಗಾಳೆಪ್ಪ ಬರಿಗಾಲಲ್ಲಿ ಒಳಹೊಕ್ಕ. ಬಗಲಿಂದ ಧಣಿಯ ಕಾಲದ ಆ ಹಳೇ ಚೆಂಡು ತೆಗೆದ. ಮೈ ಬಿಸಿ ಅದಕ್ಕೆ ಸಾಲದು. ಅರ್ಧ ಮಾತ್ರ ಎಚ್ಚರವಾಗಿತ್ತು. ಮೊದಲ ಹೊಡೆತಗಳಿಗೆ ದಪ್ಪ್ ದಪ್ಪ್ ಎಂದು ಹಸೀ ಮಣ್ಣಿನ ಸಪ್ಪಳ. ಬಲಗೋಡೆಯ ಬದಿಯಲ್ಲಿ ಹತ್ತು, ಎಡಗೋಡೆಯ ಬದಿಯಲ್ಲಿ ಹತ್ತು, ಮತ್ತೆ ಬಲಕ್ಕೆ. ಇಷ್ಟು ವರ್ಷದ ಮೇಲೂ ಮೊಣಕೈ ಮರೆತಿರಲಿಲ್ಲ. ಮೂವತ್ತು, ನಲವತ್ತು. ಒಂದೂ ಕೆಳಗೆ ಬೀಳಲಿಲ್ಲ. ಆಮೇಲೆ ಸಪ್ಪಳ ತಿರುಗಿತು. ಅದನ್ನು ಅವನು ಕಿವಿಯಿಂದಲೇ ಹಿಡಿಯುತ್ತಿದ್ದ: ಟಕ್, ಟಕ್ ಎಂದು ಗಟ್ಟಿಯಾಗಿ, ಬೆಂಡೆಕಾಯಿ ಮುರಿದ ಹಾಗೆ. ಚೆಂಡು ಗೋಡೆಗೆ ಹೋಗಿ ಮಾತು ಕೇಳುವ ಆಡಿನ ಮರಿಯಂತೆ ಅವನ ಬಲಗಾಲ ಬಳಿಗೇ ಬರುತ್ತಿತ್ತು.

ಒಮ್ಮೆ ಓರೆಗಣ್ಣಲ್ಲಿ ಗಾಜಿನ ಕಡೆ ನೋಡಿದ. ಮೇಡಂ ಬಾಗಿ ಏನೋ ಹೇಳುತ್ತಿದ್ದರು. ಪಕ್ಕೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹೊಸದಾಗಿ ಮದುವೆಯಾದವಳ ಹಾಗೆ ಕಂಡಳು. ಕೆಲಸ ಆಯಿತು ಅಂತ ಗಾಳೆಪ್ಪನಿಗೆ ಆ ಕ್ಷಣ ಅನ್ನಿಸಿತು.

ಅರುಣಕುಮಾರ್ ರಾಕೆಟ್ ಹಿಡಿದು ಒಳಗೆ ಬಂದರು. "ಏನ್ ಕೈ ರೀ ನಿಮ್ದು! ಸಾಕು, ಬೆಚ್ಚಗಾತು. ಬರ್ರಿ, ಒಂದಾಟ ಆಡೇ ಬಿಡಾಣ. ಕೊಡ್ರಿ ಇಲ್ಲಿ ಚೆಂಡು" ಎಂದು ಕೈ ಚಾಚಿದರು.

ಗಾಳೆಪ್ಪ ಬಗ್ಗಿದ. ನೆಲದ ಕೆಂಪು ಗೆರೆಗಳು ಕೂಡುವ ಜಾಗದಲ್ಲಿ ಚೆಂಡನ್ನು ಉರುಳದ ಹಾಗೆ ಇಟ್ಟ. ರಾಕೆಟ್ಟನ್ನು ಗೋಡೆಗೆ ಒರಗಿಸಿ, ತಲೆ ತಗ್ಗಿಸಿ ಬಾಗಿಲ ಕಡೆ ನಡೆದ.

"ಎಲ್ಲಿಗೆ ಹೊಂಟ್ರಿ?"

ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಗಾಳೆಪ್ಪ ನಿಂತ. ತಿರುಗಿ ನೋಡಿದ. ಮಾಸ್ತರ ಕೈ ಇನ್ನೂ ಚಾಚಿಯೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಧಣಿಯ ಕೈಗೆ ಚೆಂಡು ಕೊಡಲು ಹೋದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡು "ಕೈಗೆ ಬ್ಯಾಡ, ಕೆಳಗ ಇಟ್ಟು ಹೋಗು" ಎಂದಿದ್ದರು. ಎರಡನೆಯ ಸಲ ಹೇಳಬೇಕಾದ ಪ್ರಸಂಗ ಬಂದಿರಲಿಲ್ಲ.

ಗಾಜಿನಾಚೆ ಪಕ್ಕೀರಮ್ಮನ ಸೆರಗು ಬಾಯಿಂದ ಜಾರಿತ್ತು. ಅವಳು ಗಂಡನನ್ನು ನೋಡುತ್ತಿರಲಿಲ್ಲ. ನೆಲದ ಮೇಲಿನ ಚೆಂಡನ್ನು ನೋಡುತ್ತಿದ್ದಳು.

"ಮರತೆ ರೀ ಸರ" ಎಂದು ಗಾಳೆಪ್ಪ ವಾಪಸು ಬಂದ.

ಆಟ ಶುರುವಾಯಿತು. ಮೊದಲ ಹೊಡೆತ ಎಲ್ಲಿ ನಿಂತು ಹೊಡೆಯಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ಮಾಸ್ತರು ತೋರಿಸಿದರು. ಹೊಡೆದದ್ದು ನೆಟ್ಟಗೆ ಮಾಸ್ತರ ರಾಕೆಟ್ಟಿಗೇ ಹೋಯಿತು. ಎರಡನೆಯದೂ ಹಾಗೇ. ಮಾಸ್ತರು ಹತ್ತಿರ ಬಂದರೆ ಸಾಕು, ಅವನು ಮೈ ತಗಲೀತೆಂದು ಗೋಡೆಗೆ ಅಂಟಿ ನಿಲ್ಲುತ್ತಿದ್ದ. ಅಷ್ಟರಲ್ಲಿ ಚೆಂಡು ಎರಡು ಸಲ ಪುಟಿದು ಮುಗಿದಿರುತ್ತಿತ್ತು.

"ನನ್ನ ಕೈಗೇ ಯಾಕ್ರೀ ಕೊಡ್ತೀರಿ? ನಾ ಇಲ್ಲದ ಕಡೆ ಹೊಡೀರಿ!"

"ನೀವು ಓಡಬೇಕಾಗ್ತತಲ್ರಿ ಸರ."

"ಓಡಿಸೋದೇ ಆಟ ರೀ!"

ಗಾಳೆಪ್ಪನಿಗೆ ಅದು ತಿಳಿಯದ್ದಲ್ಲ. ಆದರೆ ಕೈ ಕೇಳಬೇಕಲ್ಲ. ಹನ್ನೊಂದು ವರ್ಷ ಚೆಂಡು ಇದ್ದಲ್ಲಿಗೇ ಬರುವಂತೆ ಬಡಿದ ಕೈ ಅದು. ದೂರಕ್ಕೆ ಹೊಡೆಯಬೇಕೆಂದು ಹಟ ಮಾಡಿದಾಗ ಚೆಂಡು ಮುಂದಿನ ಗೋಡೆಯ ಬುಡದ ತಗಡಿಗೆ ಬಡಿದು ಢಣ್ ಎಂದಿತು. ತಗಡಿಗೆ ಬಿದ್ದರೆ ತಪ್ಪು ಎಂದು ಮಾಸ್ತರು ತಾಳ್ಮೆಯಿಂದ ತಿಳಿಸಿದರು. ಹನ್ನೊಂದು ಅಂಕ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಕೊನೆಕೊನೆಗೆ ಮಾಸ್ತರು ಬೇಕಂತಲೇ ಒಂದೆರಡು ಬಿಟ್ಟುಕೊಟ್ಟರು. ಗಾಳೆಪ್ಪ ಅವನ್ನೂ ಹೊಡೆಯಲಾರದೆ ಹೋದ.

ಹೊರಗೆ ಬಂದಾಗ ಅಮೃತಾ ಮೇಡಂ ಎದ್ದು ನಿಂತಿದ್ದರು. "ನೀವು ಆಡ್ತಾ ಇದ್ರಿ ಅಂತ ಹುಲುಗಣ್ಣ ಹೇಳಿದ್ರು" ಎಂದರು. ಬೈಗುಳದ ದನಿಯಲ್ಲ, ತಮ್ಮದೇ ಏನೋ ತಪ್ಪಾಯಿತೆಂಬ ದನಿ.

"ಆಟಕ್ಕಿಂತ ಮುಂಚೆ ಚೆಂಡು ಬೆಚ್ಚಗ ಮಾಡಿ ಕೊಡ್ತಿದ್ದೆ ರೀ ಅಮ್ಮಾರ" ಎಂದ ಗಾಳೆಪ್ಪ. ಪಕ್ಕೀರಮ್ಮನ ಕಡೆ ನೋಡದೆ, ಒಂದೇ ಉಸಿರಿಗೆ ಮುಂದುವರಿಸಿದ: "ಕಲಸೋದು ನನಗ ಬ್ಯಾಡ್ರಿ. ಸರ್ ಕಲಸ್ಲಿ. ನಾ ದಿನಾ ಮುಂಚೇನ ಬಂದು ಚೆಂಡು ಬಡದು ತಯಾರ ಮಾಡಿ ಇಡ್ತೀನಿ. ಸಣ್ಣ ಹುಡುಗ್ರ ಕೈಯಾಗ ಇದು ಬಿಸಿ ಆಗಂಗಿಲ್ರಿ. ಸತ್ತ ಚೆಂಡಿನ ಜೋಡಿ ಆಡಿದ್ರ ಅವಕ್ಕ ಬ್ಯಾಸರ ಬರ್ತತಿ, ಆಟನ ಬಿಟ್ಟುಬಿಡ್ತಾವ. ಎಷ್ಟು ಮಂದಿ ಇದ್ರೂ ಅಷ್ಟೂ ಚೆಂಡು ಬೆಚ್ಚಗ ಮಾಡ್ತೀನಿ. ಕ್ವಾಣಿ ನಾನ ಗುಡಸ್ತೀನಿ."

ಮೇಡಂ ಮಾಸ್ತರ ಮುಖ ನೋಡಿದರು. ಮಾಸ್ತರು ಕಪಾಟು ತೆರೆದು ಒಂದು ಡಬ್ಬಿ ತಂದರು. ಅದರೊಳಗಿನದೂ ಕರೀ ಚೆಂಡೇ, ಆದರೆ ತುಸು ದೊಡ್ಡದು, ಮೇಲೆ ಒಂದು ನೀಲಿ ಚುಕ್ಕಿ.

"ಮಕ್ಕಳಿಗೆ ಇವನ್ನ ತರಿಸೇವ್ರಿ. ಕಲಿಯೋರಿಗೆ ಅಂತಲೇ ಬರ್ತಾವೆ" ಎಂದು ಒಂದನ್ನು ಕೈಬಿಟ್ಟರು. ಡಬ್ಬಿಯಿಂದ ಆಗಷ್ಟೇ ತೆಗೆದ ಚೆಂಡು ನೆಲಕ್ಕೆ ಬಿದ್ದು ಮೊಣಕಾಲ ಮಟ ಹಾರಿತು. ಮತ್ತೆ ಹಾರಿತು. ವರಾಂಡದ ಉದ್ದಕ್ಕೂ ಪುಟಿಯುತ್ತ ಹೋಗಿ ಹೂಕುಂಡದ ಬಳಿ ನಿಂತಿತು.

ಗಾಳೆಪ್ಪ ಹೋಗಿ ಅದನ್ನು ಎತ್ತಿಕೊಂಡ. ಕೈಯಲ್ಲಿ ಹಿಡಿದು ನೋಡಿ ಸಾಲದೆ ಕೆನ್ನೆಗೆ ಒತ್ತಿ ನೋಡಿದ.

"ತಣ್ಣಗ ಐತಿ" ಎಂದ.

"ಹೂಂ ರೀ. ತಣ್ಣಗಿದ್ರೂ ಪುಟಿತೈತೆ."

ಗಾಳೆಪ್ಪ ಅದನ್ನು ಡಬ್ಬಿಗೆ ವಾಪಸು ಹಾಕಿದ. ಮೇಡಂ ಊಟ ಮಾಡಿಕೊಂಡು ಹೋಗಿ ಎಂದರು. ಪಕ್ಕೀರಮ್ಮ "ಉಂಡು ಬಂದೇವ್ರಿ ಅಮ್ಮ" ಎಂದು ಸುಳ್ಳು ಹೇಳಿ ಮುಂದೆ ನಡೆದಳು.

ಶಾಲೆಯ ಎದುರಿಗೆ, ರಸ್ತೆಯ ಆಚೆ ಬದಿಗೆ, ತಗಡಿನ ನೆರಳಿನ ಬಸ್ ಸ್ಟಾಪು. ಕೊಟ್ಟೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕಲ್ಲುಬೆಂಚಿನ ಎರಡು ತುದಿಗೆ ಕೂತರು. ಮೆಕ್ಕೆಜೋಳ ತುಂಬಿದ ಒಂದು ಲಾರಿ ಹೋಯಿತು. ಅದರ ಧೂಳು ಇಳಿದ ಮೇಲೆ ಪಕ್ಕೀರಮ್ಮ ಕೇಳಿದಳು.

"ಒಂದಾಟನೂ ಆಡಿಲ್ಲೇನು?"

"ಇಲ್ಲ."

"ಅವ್ರು ಆಡೋದನ್ನಾರ ನೋಡಿದ್ದೇನು?"

"ಬಾಗಲಾ ಹಾಕತಿದ್ನಲ್ಲ. ಹೊರಗ ಸಪ್ಪಳ ಕೇಳ್ತಿತ್ತು."

ಅವಳು ಚೀಲದ ದಾರ ಸುತ್ತುತ್ತ ಬಿಚ್ಚುತ್ತ ಕೂತಳು. "ಪ್ರಿಯಾನ ಮದುವ್ಯಾಗ ಬೀಗರ ಮುಂದ ಅಷ್ಟು ಹೇಳಿದೆ. ಮಗ್ಗಲಾಗ ಕುಂತು ಕೇಳಿದಿ. ಬಾಯಿ ಬಿಡಲಿಲ್ಲ ನೀನು."

"ನೀ ಹೇಳೋದು ಕೇಳಿದ್ರ, ನನಗೂ ಆಡಿದಂಗ ಅನಸ್ತಿತ್ತು, ಪಕ್ಕೀರಿ."

"ಈಗ ಏನ್ ಮಾಡ್ತಿ?"

"ಏನ್ ಮಾಡ್ಲಿ, ನೀನ ಹೇಳು."

ಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದಳು. ಕೆಲಸದ ಸುದ್ದಿಗೆ ಕಾದು ಕೂತಿದ್ದ ಓಣಿಯ ನಾಗಲಿಂಗಮ್ಮ, ಫೋಟೋದಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಪಕ್ಕೀರಮ್ಮ ಎತ್ತಲೂ ಇಲ್ಲ, ಕಟ್ ಮಾಡಲೂ ಇಲ್ಲ. ಅದು ತೊಡೆಯ ಮೇಲೆ ಬಡಿದುಕೊಂಡು ಸುಮ್ಮನಾಯಿತು. ತುಸು ಹೊತ್ತಿಗೆ ಮತ್ತೆ ಶುರುವಾಯಿತು. ಆಗ ಅವಳು ಬದಿಯ ಗುಂಡಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದು, ಫೋನು ಪೂರ್ತಿ ಬಂದ್ ಆಗುವ ತನಕ ಬಿಡಲಿಲ್ಲ.